ಬೆಳೆಯುತ್ತಿದ್ದ ಮೇಜು

ನಾನು ಬಡಗಿ. ನಲವತ್ತು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಬಗೆಬಗೆಯ ದೂರು ಕೇಳಿದ್ದೇನೆ. ಬಾಗಿಲು ಕಿರ್ ಎನ್ನುತ್ತದೆ, ಕುರ್ಚಿ ಅಲುಗಾಡುತ್ತದೆ, ಹೇಳಿದ ದಿನಕ್ಕೆ ಕೊಡಲಿಲ್ಲ. ಇವೆಲ್ಲ ಇದ್ದದ್ದೇ, ಕೊನೆಯದಂತೂ ನಿಜವೇ. ಆದರೆ ಮಾಡಿಕೊಟ್ಟು ಹದಿನೆಂಟು ವರ್ಷವಾದ ಮೇಲೆ ಮೇಜು ಎತ್ತರಕ್ಕೆ ಬೆಳೆದಿದೆ ಎಂಬ ದೂರು ತಂದವರು ಒಬ್ಬರೇ. ಅವರು ನಮ್ಮ ಪಕ್ಕದ ಟೈಲರ್ ಅಂಗಡಿಯ ಇಂಚಕ್ಕ.

ಆ ದಿನ ಬೆಳಗ್ಗೆ ನಾನು ಕಿಟಕಿಯ ಚೌಕಟ್ಟಿಗೆ ತೋಪಡ ಹೊಡೆದು ನುಣುಪು ಮಾಡುತ್ತಿದ್ದೆ. ಕೊರಳಲ್ಲಿ ಟೇಪು ನೇತುಹಾಕಿಕೊಂಡು ಇಂಚಕ್ಕ ಬಾಗಿಲಲ್ಲಿ ಬಂದು ನಿಂತರು.

"ನನ್ನ ಮೇಜು ಯಾಕೆ ಎತ್ತರ ಮಾಡ್ದೆ?"

"ನಿಮ್ಮ ಮೇಜು ಮುಟ್ಟಿ ಹದಿನೆಂಟು ವರ್ಷ ಆಯ್ತಲ್ಲಕ್ಕ."

"ಹಾಗಾದ್ರೆ ಹಸಿ ಮರ ಹಾಕಿದ್ದೀಯ. ಬೆಳೀತಾ ಇದೆ."

ಹಸಿ ಮರ ಎಂದದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು. ಆ ಮೇಜಿಗೆ ಹಾಕಿದ್ದು ಎರಡು ವರ್ಷ ನೆರಳಲ್ಲಿ ಒಣಗಿಸಿದ ತೇಗ. ತೋಪಡ ಅಲ್ಲೇ ಎಸೆದು ಸ್ಟೀಲ್ ಟೇಪು ಹಿಡಿದು ಅವರ ಹಿಂದೆಯೇ ಹೋದೆ. ಅಳೆದೆ. ಮೂವತ್ತಾರು ಇಂಚು. ಮಾಡಿಕೊಟ್ಟ ದಿನವೂ ಮೂವತ್ತಾರೇ. ಇಂಚಕ್ಕ ಜಪ್ಪಯ್ಯ ಎನ್ನಲಿಲ್ಲ. ಸ್ಟೀಲ್ ಟೇಪು ಬಿಸಿಲಿಗೆ ಹಿಗ್ಗುತ್ತದೆ ಎಂದು ನನಗೇ ಪಾಠ ಹೇಳಿ, ಮೇಜಿನ ಪಕ್ಕ ನಿಂತು ಮೊಣಕೈ ಮಡಚಿ ತೋರಿಸಿದರು. ಅವರ ಲೆಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜಿಗೂ ಮೊಣಕೈಗೂ ನಡುವೆ ನಾಲ್ಕು ಬೆರಳು ಹಿಡಿಯಬೇಕು. ಆಗ ಕತ್ತರಿ ನೇರ ಹೋಗುತ್ತದೆ, ಭುಜ ನೋಯುವುದಿಲ್ಲ. ಈಗ ಮೂರೇ ಬೆರಳು ಹಿಡಿಯುತ್ತಿತ್ತು. ಕಿರುಬೆರಳು ಪಾಪ ಹೊರಗೇ ಉಳಿದಿತ್ತು.

ಟೇಪಿನ ಮಾತು ಕೇಳಬೇಕೋ ಕಿರುಬೆರಳಿನ ಮಾತು ಕೇಳಬೇಕೋ ತಿಳಿಯದೆ ನಾನು ನಿಂತೆ. ಇಂಚಕ್ಕನ ಎದುರು ಹೀಗೆ ನಿಂತವರೆಲ್ಲ ಕೊನೆಗೆ ಅವರು ಹೇಳಿದ್ದನ್ನೇ ಮಾಡುತ್ತಾರೆ. ಗರಗಸ ತಂದು ನಾಲ್ಕೂ ಕಾಲುಗಳಿಂದ ಮುಕ್ಕಾಲು ಇಂಚು ಕೊಯ್ದೆ. ನಾಲ್ಕು ಬೆರಳು ಹಿಡಿಯಿತು. ಇಂಚಕ್ಕನ ಮುಖ ಅರಳಿತು. ಕೊಯ್ದ ನಾಲ್ಕು ತುಂಡುಗಳನ್ನು ನಾನು ಜೇಬಿಗೆ ಹಾಕಿಕೊಂಡು ಬಂದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. ಒಳ್ಳೆಯ ತೇಗದ ತುಂಡು ಎಷ್ಟೇ ಚಿಕ್ಕದಾಗಿರಲಿ, ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ಮನೆಯಲ್ಲಿ ಇಂಥ ಡಬ್ಬಿಗಳು ಹದಿನಾರು ಇವೆ. ಹದಿನೇಳನೆಯದು ಬಂದರೆ ತಾನು ತವರಿಗೆ ಹೊರಟೆ ಎಂದು ಹೆಂಡತಿ ಹೇಳಿಟ್ಟಿದ್ದಾಳೆ.

ಇಂಚಕ್ಕನ ಪರಿಚಯ ಹೇಳಬೇಕು. ಅವರಿಗೆ ಜನರ ಮುಖ ನೆನಪಿರುವುದಿಲ್ಲ, ಅಳತೆ ನೆನಪಿರುತ್ತದೆ. ಅಂಗಡಿಗೆ ಯಾರೇ ಬರಲಿ, ಬನ್ನಿ ಕೂತುಕೊಳ್ಳಿ ಎನ್ನುವ ಮೊದಲೇ ಕಣ್ಣಲ್ಲಿ ಅಳೆದುಬಿಡುತ್ತಾರೆ. ನನ್ನ ಮಗಳ ಮದುವೆಗೆ ಕೋಟು ಹೊಲಿಸಲು ಹೋದಾಗ, ಹತ್ತು ಜನರ ಎದುರು, ಹೋದ ಸಲಕ್ಕಿಂತ ಹೊಟ್ಟೆ ಎರಡೂಕಾಲು ಇಂಚು ಮುಂದೆ ಬಂದಿದೆ ಎಂದರು. ಟೇಪು ಹಿಡಿದಾಗ ಕರೆಕ್ಟಾಗಿ ಎರಡೂಕಾಲೇ ಇತ್ತು. ನಮ್ಮ ಬೀದಿಯಲ್ಲಿ ಯಾರು ಎಲ್ಲಿ ಎಷ್ಟು ಹಿಗ್ಗಿದರು, ಯಾರ ಭುಜ ಯಾವ ಕಡೆಗೆ ವಾಲಿತು, ಅವರಿಗೆ ತಿಳಿಯದ್ದಿಲ್ಲ. ಅವರ ತಂಗಿಗೆ ಮದುವೆಯಾಗದೇ ಹೋದದ್ದೂ ಇದರಿಂದಲೇ. ಮೆಚ್ಚಿದವನನ್ನು ಆಕೆ ಅಂಗಡಿಗೆ ಕರೆತಂದರೆ, ಅಕ್ಕ ಮೇಲಿಂದ ಕೆಳಗೆ ಒಮ್ಮೆ ನೋಡಿ, ಒಂದು ಕಾಲು ಇನ್ನೊಂದಕ್ಕಿಂತ ಕಾಲು ಇಂಚು ಗಿಡ್ಡ, ಪ್ಯಾಂಟು ಹೊಲಿಯಲು ಕಷ್ಟ ಎಂದರಂತೆ. ಅವನು ಆ ಕಾಲುಗಳಲ್ಲೇ ಓಡಿದ.

ಆ ತಂಗಿಯನ್ನು ನಾವು ಚಿಕ್ಕಕ್ಕ ಎನ್ನುತ್ತೇವೆ. ಗುಂಡಿ, ಕಾಜ, ಇಸ್ತ್ರಿ ಅವರ ಪಾಲು. ಕತ್ತರಿ ಮಾತ್ರ ಅಕ್ಕನದು. ಐವತ್ತು ವರ್ಷದಿಂದ ಆ ಕತ್ತರಿಯನ್ನು ಇನ್ನೊಬ್ಬರು ಮುಟ್ಟಿಲ್ಲ. ಅಕ್ಕತಂಗಿಯರು ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇರುತ್ತಾರೆ, ಇಡೀ ದಿನ ಕಚ್ಚಾಡುತ್ತಾರೆ, ಒಬ್ಬರನ್ನು ಬಿಟ್ಟು ಒಬ್ಬರು ಊಟ ಮಾಡುವುದಿಲ್ಲ.

ಊರಿನವರನ್ನೆಲ್ಲ ಅಳೆದ ಇಂಚಕ್ಕನನ್ನು ಅಳೆದವರು ಯಾರೂ ಇರಲಿಲ್ಲ. ತಮ್ಮ ನಿಲುವಂಗಿಯನ್ನು ಅವರು ಮೂವತ್ತನೇ ವಯಸ್ಸಿನಲ್ಲಿ ಕತ್ತರಿಸಿಟ್ಟ ಕಂದು ಕಾಗದದ ನಮೂನೆಯಿಂದಲೇ ಹೊಲಿದುಕೊಳ್ಳುತ್ತಿದ್ದರು. ಇತ್ತೀಚೆಗೆ ಆ ಬಟ್ಟೆ ಮೈಮೇಲೆ ಜೋಲುತ್ತಿತ್ತು, ಅಂಚು ನೆಲ ಗುಡಿಸುತ್ತಿತ್ತು. ಕೇಳಿದರೆ, ಈಗಿನ ಬಟ್ಟೆ ಒಗೆದರೆ ಕುಗ್ಗುವುದಿಲ್ಲ, ಹಿಗ್ಗುತ್ತದೆ ಎನ್ನುತ್ತಿದ್ದರು. ಬಟ್ಟೆಯ ವಿಷಯದಲ್ಲಿ ಅವರಿಗೆ ಎದುರಾಡುವವರು ಯಾರಿದ್ದಾರೆ?

ಒಂದೂವರೆ ವರ್ಷ ಕಳೆದ ಮೇಲೆ ಮೇಜು ಮತ್ತೆ ಬೆಳೆಯಿತು. ಮತ್ತೆ ಜಗಳ, ಮತ್ತೆ ಗರಗಸ, ಈ ಸಲ ಅರ್ಧ ಇಂಚು. ನಾಲ್ಕು ತುಂಡು ಡಬ್ಬಿಗೆ ಸೇರಿದವು.

ಅದಾದ ಕೆಲವೇ ತಿಂಗಳಿಗೆ ಇಂಚಕ್ಕ ಬಿದ್ದರು. ಬಿದ್ದದ್ದು ಎಲ್ಲಿ ಎಂದರೆ ಅಸ್ತರಿನ ಬಟ್ಟೆಯ ರಾಶಿಯ ಮೇಲೆ. ಮಗುವನ್ನು ಮಲಗಿಸಬಹುದಾದಷ್ಟು ಮೆತ್ತಗಿನ ರಾಶಿ. ಅದರ ಮೇಲೆ ಕೈಯೂರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡರು. ನನ್ನ ಸಾಮಾನು ಗಾಡಿಯಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ.

ಮೂಳೆ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯಲ್ಲಿ ದೊಡ್ಡವರು. ಇಷ್ಟು ಮೆತ್ತಗೆ ಬಿದ್ದು ಮೂಳೆ ಮುರಿಯಬಾರದಲ್ಲ ಎಂದು ಅಕ್ಕನಿಗೆ ಮೂಳೆಯ ಸಾಂದ್ರತೆ ನೋಡುವ ಸ್ಕ್ಯಾನ್ ಮಾಡಿಸಿದರು, ಜೊತೆಗೆ ಬಂದ ತಂಗಿಗೂ ಮಾಡಿಸಿದರು. ಇಬ್ಬರಿಗೂ ಆಸ್ಟಿಯೊಪೊರೋಸಿಸ್, ಮೂಳೆ ಒಳಗೊಳಗೇ ಟೊಳ್ಳಾಗುವ ಕಾಯಿಲೆ. ನನಗೆ ತಕ್ಷಣ ಅರ್ಥವಾಯಿತು. ಹುಳು ತಿಂದ ಮರವೂ ಹಾಗೆಯೇ, ಹೊರಗಿನಿಂದ ಬಣ್ಣ ಚೆನ್ನಾಗಿರುತ್ತದೆ, ಬೆರಳಲ್ಲಿ ಕುಟ್ಟಿದರೆ ಸದ್ದು ಬೇರೆ. ಇದನ್ನು ನಾನು ಬಾಯಿಬಿಟ್ಟು ಹೇಳಿದೆ. ಇಂಚಕ್ಕ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ.

ಎತ್ತರ ನೋಡಬೇಕು, ಗೋಡೆಗೆ ಒರಗಿ ನಿಲ್ಲಿ ಎಂದು ನರ್ಸ್ ಕರೆದಾಗ ಇಂಚಕ್ಕ ಒಪ್ಪಲಿಲ್ಲ. ಅಳತೆ ತೆಗೆಯುವುದು ತಮ್ಮ ಕೆಲಸ, ಕೊಡುವುದಲ್ಲ ಎಂದರು. ಐದು ಅಡಿ ಮೂರು ಇಂಚು, ಬರೆದುಕೊಳ್ಳಿ ಎಂದರು. ನರ್ಸ್ ಬರೆದುಕೊಂಡಳು. ಆಸ್ಪತ್ರೆಯಲ್ಲೂ ಇಂಚಕ್ಕನ ಮಾತೇ ನಡೆಯಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಆ ಸಮಾಧಾನಕ್ಕೆ ಇವತ್ತೂ ನಾಚಿಕೆಯಾಗುತ್ತದೆ.

ಡಾಕ್ಟರಮ್ಮ ಇಬ್ಬರಿಗೂ ಒಂದೇ ಬಗೆಯ ಚೀಟಿ ಬರೆದರು. ಮೇಲೆ, ವಾರಕ್ಕೊಂದು ಮಾತ್ರೆ. ಕೆಳಗೆ, ದಿನಕ್ಕಿಷ್ಟು ಕ್ಯಾಲ್ಸಿಯಂ, ವಿಟಮಿನ್ ಡಿ, ಹಾಲು, ಮೊಳಕೆ ಕಾಳು, ಸೊಪ್ಪು, ದಿನಾ ನಡಿಗೆ, ಬೀಳದಂತೆ ಕಾಲು ಗಟ್ಟಿ ಮಾಡುವ ವ್ಯಾಯಾಮ. ಮಾತ್ರೆ ಶುರು ಮಾಡುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ ಎಂದೂ ಹೇಳಿದರು. ಇಂಚಕ್ಕನ ಕಿವಿ ನಿಮಿರಿತು. ಮೂಳೆಯ ಮಾತ್ರೆಗೂ ಹಲ್ಲಿಗೂ ಏನು ಸಂಬಂಧ ಎಂಬ ಅನುಮಾನ ಅಲ್ಲೇ ಹುಟ್ಟಿತು.

ಅಂಗಡಿಗೆ ಬಂದ ಮೇಲೆ ಮಾತ್ರೆಯ ಡಬ್ಬಿಯೊಳಗಿನ ಕಾಗದ ಬಿಚ್ಚಿದರು. ಬಿಚ್ಚಿದಷ್ಟೂ ಬಿಚ್ಚಿಕೊಂಡಿತು. ಮೇಜಿನ ಮೇಲೆ ಹರಡಿ, ಇದರಲ್ಲಿ ಮಗುವಿನ ಅಂಗಿಯ ನಮೂನೆ ತೆಗೆಯಬಹುದು ಎಂದು ಮೆಚ್ಚಿಕೊಂಡು, ಓದಲು ನನ್ನನ್ನು ಕೂರಿಸಿದರು. ಓದುತ್ತ ಓದುತ್ತ ನನಗೇ ಬೆವರು ಬಂತು. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ನೆಟ್ಟಗೆ ಇರಬೇಕು, ಮಲಗಬಾರದು, ಏನೂ ತಿನ್ನಬಾರದು, ಕಾಫಿಯೂ ಇಲ್ಲ. ಇಲ್ಲದಿದ್ದರೆ ಅನ್ನನಾಳ ಉರಿಯಬಹುದು. ತೀರಾ ಅಪರೂಪಕ್ಕೆ ದವಡೆ ಮೂಳೆಗೆ ತೊಂದರೆಯಾಗಬಹುದು, ಅಪರೂಪಕ್ಕೆ ತೊಡೆ ಮೂಳೆಗೂ. ಅಪರೂಪ ಎಂಬ ಮಾತನ್ನು ನಾನು ಎರಡು ಸಲ ಒತ್ತಿ ಓದಿದೆ. ಇಂಚಕ್ಕ ದವಡೆಯನ್ನು ಮಾತ್ರ ಕೇಳಿಸಿಕೊಂಡರು. ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿ ಹಿಡಿದು ಕೆಲಸ ಮಾಡುವವರು ಅವರು. ದವಡೆ ಹೋದರೆ ಸೂಜಿ ಎಲ್ಲಿಡಬೇಕು ಎಂದು ಕೇಳಿದರು.

ಚಿಕ್ಕಕ್ಕ ಡಾಕ್ಟರ ಪಕ್ಷ. ಓದಿದವರು ಹೇಳಿದ್ದಾರೆ, ನುಂಗಿದರಾಯಿತು ಎಂದರು. ಇಂಚಕ್ಕ ಪುಡಿ, ಹಾಲು, ನಡಿಗೆಯ ಪಕ್ಷ. ಮೂಳೆಯನ್ನು ಊಟದಿಂದ ಕಟ್ಟಬೇಕು, ಕಾರ್ಖಾನೆಯಿಂದಲ್ಲ ಎಂದರು. ಕೊನೆಗೆ ಚಿಕ್ಕಕ್ಕ, ನಿನಗೆ ಹೆದರಿಕೆ ಎಂದು ಹೇಳಿಯೇಬಿಟ್ಟರು. ಇಂಚಕ್ಕ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು.

"ಹೆದರಿಕೆ ಇದೆ ಕಣೇ. ಎಡಗೈ ಹೋಯ್ತು, ಪರವಾಗಿಲ್ಲ. ಬಲಗೈ ಮುರಿದ್ರೆ ಕತ್ತರಿ ಯಾರು ಹಿಡೀತಾರೆ? ಕತ್ತರಿ ಬಿಟ್ಟ ಮೇಲೆ ನಾನು ಯಾರು?"

ಆದರೆ ಇಂಚಕ್ಕನಿಗೆ ಸಪ್ಪೆ ಮೋರೆ ಹಾಕಿಕೊಂಡು ಕೂರುವ ಅಭ್ಯಾಸವಿಲ್ಲ. ಬೆಲೆಬಾಳುವ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅವರು ಹಳೇ ಬೆಡ್‌ಶೀಟಿನಲ್ಲಿ ಕೋಟು ಹೊಲಿದು, ತೊಡಿಸಿ, ಟ್ರಯಲ್ ನೋಡುವವರು. ಅದೇ ಪದ್ಧತಿಯನ್ನು ಇಲ್ಲಿಗೂ ಹಚ್ಚಿದರು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಥಾನಿನ ಬಟ್ಟೆ. ಒಂದು ವರ್ಷ ಟ್ರಯಲ್ ನೋಡೋಣ, ನೀನು ಮಾತ್ರೆ ತಗೊ, ನಾನು ಉಳಿದದ್ದು ತಗೋತೀನಿ, ಯಾರ ಮೂಳೆ ಗಟ್ಟಿಯಾಯಿತೋ ಅವರ ದಾರಿ ಇಬ್ಬರಿಗೂ ಎಂದರು. ಕತ್ತರಿ ತೆಗೆದು ತಮ್ಮ ಚೀಟಿಯನ್ನು ಸರಿಯಾಗಿ ನಡುವೆ, ಮಾತ್ರೆಯ ಸಾಲಿನ ಕೆಳಗೆ, ನೇರವಾಗಿ ಕತ್ತರಿಸಿದರು. ಮೇಲಿನ ತುಂಡು ತಂಗಿಗೆ, ಕೆಳಗಿನದು ಅಕ್ಕನಿಗೆ. ತಂಗಿಯ ಚೀಟಿಯನ್ನು ಗಲ್ಲಾಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಈ ಸ್ಪರ್ಧೆಗೆ ತೀರ್ಪುಗಾರ ನಾನು ಎಂದೂ ಅವರೇ ತೀರ್ಮಾನಿಸಿದರು.

ಮಾತ್ರೆಗೆಂದು ಗೊತ್ತುಮಾಡಿದ ಮೊದಲ ಬುಧವಾರವೇ ತಮಾಷೆ ಶುರುವಾಯಿತು. ಹಲ್ಲಿನ ಡಾಕ್ಟರಿಗೆ ತೋರಿಸಿ ಬಂದಿದ್ದ ಚಿಕ್ಕಕ್ಕ ಬೆಳಗ್ಗೆ ಆರಕ್ಕೆ ಮಾತ್ರೆ ನುಂಗಿ, ಅಂಗಡಿಯ ಬೆಂಚಿನ ಮೇಲೆ ಬೆನ್ನು ಸೆಟೆಸಿ ಕುಳಿತರು. ನೆಟ್ಟಗೆ ಇರಬೇಕು ಎಂದದ್ದನ್ನು ಅವರು ಕತ್ತನ್ನೂ ತಿರುಗಿಸಬಾರದು ಎಂದು ಅರ್ಥಮಾಡಿಕೊಂಡಿದ್ದರು. ಹಾಲಿನವನು ಬಂದು ಎಷ್ಟು ಬೇಕು ಎಂದರೆ ಉತ್ತರವಿಲ್ಲ, ಬರೀ ಕಣ್ಣುಗುಡ್ಡೆ ಎಡಕ್ಕೆ ಬಲಕ್ಕೆ ಹೊರಳಿತು. ಅವನು ಹೆದರಿ ನನ್ನನ್ನು ಕೂಗಿದ.

ಇಂಚಕ್ಕನದು ಬೇರೆಯೇ ಗಲಾಟೆ. ಬರುವ ಗಿರಾಕಿಗಳೆಲ್ಲ ಒಂದೊಂದು ಬಾಟಲಿ ಹೇಳಿದರು. ಒಬ್ಬರು ಕ್ಯಾಲ್ಸಿಯಂ, ಒಬ್ಬರು ಮೂಳೆಬಲದ ಪುಡಿ, ಒಬ್ಬರು ಸಮುದ್ರದ ಚಿಪ್ಪಿನ ಮಾತ್ರೆ, ಇನ್ನೊಬ್ಬರು ಹೆಸರನ್ನೇ ಹೇಳಲಾಗದ ಯಾವುದೋ ಬೇರು. ಎಲ್ಲ ಸೇರಿ ಏಳು ಬಂದವು. ಬಾಟಲಿ ಇಡಲು ಜಾಗವಿಲ್ಲದೆ ನಾನೇ ಒಂದು ಹಲಗೆ ಹೊಡೆದುಕೊಟ್ಟೆ. ಬಿಸಿಲು ಬೇಕೆಂದು ಕುರ್ಚಿಯನ್ನು ಬೀದಿಗೆ ತಂದು ಹಾಕಿಕೊಂಡರು. ಅಳತೆ ಕೊಡಲು ಬಂದವರು ನಡುಬೀದಿಯಲ್ಲಿ ಎರಡೂ ಕೈ ಚಾಚಿ ನಿಲ್ಲಬೇಕಾಯಿತು. ಬಸ್ಸಿನವನು, ತನಗೇ ಕೈ ತೋರಿಸುತ್ತಿದ್ದಾರೆಂದು ಎರಡು ಸಲ ನಿಲ್ಲಿಸಿದ. ಕಾಲು ಗಟ್ಟಿಯಾಗಲೆಂದು ಒಂಟಿ ಕಾಲಿನಲ್ಲಿ ನಿಂತು ಕತ್ತರಿಸಿದ ಅಂಗಿಯೊಂದರ ತೋಳುಗಳಲ್ಲಿ ಒಂದು ಉದ್ದ ಬಂತು. ಅದಕ್ಕೂ ಮೇಜೇ ಕಾರಣ ಎಂದರು.

ಚಿಕ್ಕಕ್ಕನೂ ಹಠದಲ್ಲಿ ಕಡಿಮೆಯಿಲ್ಲ. ಅಕ್ಕನ ಪಾಲಿನದ್ದನ್ನು ಮುಟ್ಟಿದರೆ ಟ್ರಯಲ್ ಕೆಡುತ್ತದೆ ಎಂದು ಹಾಲು ಬಿಟ್ಟರು, ಸೊಪ್ಪು ಬಿಟ್ಟರು, ಬೀದಿ ದಾಟಲೂ ಛತ್ರಿ ಹಿಡಿದರು. ಮಾರುಕಟ್ಟೆಗೆ ನಡೆದು ಹೋಗುವುದನ್ನೂ ಬಿಟ್ಟು ನನ್ನ ಗಾಡಿ ಹತ್ತತೊಡಗಿದರು. ತಪ್ಪಿ ಬಿಸಿಲು ಬಿದ್ದರೆ, ಇದು ಲೆಕ್ಕಕ್ಕಿಲ್ಲ ಎಂದು ಅಕ್ಕನಿಗೆ ಕೂಗಿ ಹೇಳುತ್ತಿದ್ದರು.

ನಾನು ಇದನ್ನೆಲ್ಲ ನೋಡಿ ನಗುತ್ತಿದ್ದೆ. ತೀರ್ಪುಗಾರನೆಂಬ ಜಂಬ ಬೇರೆ. ಒಂಬತ್ತನೇ ತಿಂಗಳಲ್ಲಿ ನಗು ನಿಂತಿತು. ವ್ಯಾಯಾಮಕ್ಕೆಂದು ಇಂಚಕ್ಕ ಹಳೆಯ ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನು ಬಗ್ಗಿ ಎತ್ತುತ್ತಿದ್ದರು. ಒಂದು ದಿನ ಎತ್ತಿದಾಗ ಬೆನ್ನಲ್ಲಿ ಏನೋ ಚಳಕ್ ಎಂದಿತಂತೆ. ವಾರವೆಲ್ಲ ನೋವು ನುಂಗಿಕೊಂಡು ಕೆಲಸ ಮಾಡಿದರು. ಚಿಕ್ಕಕ್ಕ ಡಾಕ್ಟರಲ್ಲಿಗೆ ಹೋಗೋಣ ಎಂದು ಗೋಗರೆದರೆ, ವರ್ಷ ತುಂಬುವ ಮೊದಲೇ ಹೋದರೆ ನೀನು ಗೆದ್ದ ಹಾಗಾಗುತ್ತದೆ ಎಂದರು. ನೋವು ಕಡಿಮೆಯಾದ ಮೇಲೆ ಅವರು ಬಂದದ್ದು ನನ್ನ ಬಾಗಿಲಿಗೆ.

"ಮತ್ತೆ ಬೆಳೆದಿದೆ," ಎಂದರು. ಈ ಸಲ ದನಿಯಲ್ಲಿ ಜಗಳವಿರಲಿಲ್ಲ.

ಮುಕ್ಕಾಲು ಇಂಚು ಕೊಯ್ದೆ. ಮನೆಗೆ ಬಂದು ತುಂಡುಗಳನ್ನು ಡಬ್ಬಿಗೆ ಹಾಕಲು ಹೋದರೆ ಹಿಡಿಯಲಿಲ್ಲ. ಎಲ್ಲವನ್ನೂ ಊಟದ ಮೇಜಿನ ಮೇಲೆ ಸುರಿದು ಜೋಡಿಸುತ್ತ ಕುಳಿತೆ. ಹೆಂಡತಿ ತಟ್ಟೆ ತಂದವಳು, ಇದೇನು ಮಕ್ಕಳಾಟ ಎಂದು ಕೇಳಿದಳು. ಇಂಚಕ್ಕನ ಮೇಜಿನ ಕಾಲು, ಅದು ವರ್ಷ ವರ್ಷ ಬೆಳೆಯುತ್ತದೆ, ನಾನು ಕೊಯ್ಯುತ್ತೇನೆ ಎಂದೆ. ಹೇಳುವಾಗಲೂ ನನಗೆ ಹೊಳೆದಿರಲಿಲ್ಲ, ಅಂಥ ಬೆಪ್ಪುತಕ್ಕಡಿ ನಾನು. ಅವಳು ತಟ್ಟೆ ಹಿಡಿದುಕೊಂಡೇ ನನ್ನನ್ನು ನೋಡಿದಳು.

"ರೀ, ಸತ್ತ ಮರ ಎಲ್ಲಾದ್ರೂ ಬೆಳೆಯುತ್ತಾ? ಮೇಜು ಮೇಲೆ ಬರ್ತಿಲ್ಲ. ಅಕ್ಕ ಕೆಳಗೆ ಹೋಗ್ತಿದ್ದಾರೆ."

ಮುಕ್ಕಾಲು, ಅರ್ಧ, ಮುಕ್ಕಾಲು. ಒಂದರ ಮೇಲೊಂದು ಇಟ್ಟರೆ ಎರಡು ಇಂಚು. ಜೋಲುವ ಬಟ್ಟೆ, ನೆಲ ಗುಡಿಸುವ ಅಂಚು, ಹೊರಗುಳಿದ ಕಿರುಬೆರಳು, ಎಲ್ಲ ಒಟ್ಟಿಗೆ ನೆನಪಾದವು. ನಾನು ಮೂರು ಸಲ ಕೈಯಾರೆ ಗರಗಸ ಹಿಡಿದು ಆ ಹೆಂಗಸಿನ ಕಾಯಿಲೆಯನ್ನು ಮುಚ್ಚಿಹಾಕಿದ್ದೆ.

ಮರುದಿನವೇ ಹೇಳಬೇಕೆಂದು ಹೋದೆ. ಇಂಚಕ್ಕ ಒಂಟಿ ಕಾಲಿನಲ್ಲಿ ನಿಂತು ನನ್ನನ್ನು ನೋಡಿ ನಕ್ಕರು. ಹೇಳಲಾಗಲಿಲ್ಲ. ಬದಲಿಗೆ ಒಂದು ಸುಳ್ಳು ಹೇಳಿದೆ. ತೀರ್ಪುಗಾರನಿಗೆ ಮುಂದಿನ ತಿಂಗಳು ಬೇರೆ ಊರಲ್ಲಿ ಕೆಲಸವಿದೆ, ಟ್ರಯಲ್ ಈಗಲೇ ಮುಗಿಸಬೇಕು, ಇಲ್ಲದಿದ್ದರೆ ತೀರ್ಪು ಇಲ್ಲ ಎಂದೆ. ತಾವು ಗೆಲ್ಲುವುದು ಗ್ಯಾರಂಟಿ ಎಂದುಕೊಂಡಿದ್ದ ಇಂಚಕ್ಕ ಒಪ್ಪಿದರು.

ಡಾಕ್ಟರಮ್ಮ ಹೊಸ ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಮುಂದಿಟ್ಟುಕೊಂಡು ಹುಬ್ಬು ಗಂಟಿಕ್ಕಿದರು. ಚಿಕ್ಕಕ್ಕನ ಮೂಳೆ ಮೊದಲಿಗಿಂತ ಕೆಟ್ಟಿಲ್ಲ, ಆದರೆ ರಕ್ತದಲ್ಲಿ ವಿಟಮಿನ್ ಡಿ ತಳ ಕಂಡಿದೆ, ಕ್ಯಾಲ್ಸಿಯಂ ಸಾಲದು. ಕಾಲು ಸೆಳೆತ ಬರುತ್ತಾ ಎಂದು ಕೇಳಿದರೆ ಚಿಕ್ಕಕ್ಕ ಹೌದೆಂದರು. ಅಕ್ಕನ ಕಾಲುಗಳಲ್ಲಿ ಒಳ್ಳೆಯ ಕಸುವಿದೆ, ಈ ಒಂಬತ್ತು ತಿಂಗಳಲ್ಲಿ ಒಮ್ಮೆಯೂ ಬಿದ್ದಿಲ್ಲ, ಆದರೆ ಮೂಳೆ ಇನ್ನಷ್ಟು ಇಳಿದಿದೆ. ಅಕ್ಕ ಹೊತ್ತು ತಂದಿದ್ದ ಏಳು ಬಾಟಲಿಗಳಲ್ಲಿ ಮೂರರಲ್ಲಿ ಇದ್ದದ್ದು ಒಂದೇ ಕ್ಯಾಲ್ಸಿಯಂ, ಒಂದನ್ನೇ ಮೂರು ಹೆಸರಿನಲ್ಲಿ ನುಂಗಿದ್ದರು. ಅಷ್ಟು ಬೇಡ, ಕಿಡ್ನಿಗೆ ಕಲ್ಲು ಕಟ್ಟೀತು ಎಂದರು ಡಾಕ್ಟರಮ್ಮ.

ಇಂಚಕ್ಕ ಸೋಲೊಪ್ಪಲಿಲ್ಲ. ನಿಮ್ಮ ಯಂತ್ರ ಹಳೆಯದು, ಅಳತೆ ತಪ್ಪಿದೆ ಎಂದರು. ಎತ್ತರ ಎಷ್ಟಿತ್ತು ಹೇಳಿ ಎಂದು ಡಾಕ್ಟರಮ್ಮ ಮತ್ತೆ ಕೇಳಿದರು.

"ಐದು ಅಡಿ ಮೂರು. ಇವತ್ತಿಗೂ ಅಷ್ಟೇ."

ನಾನು ಜೇಬಿಗೆ ಕೈ ಹಾಕಿದೆ. ಒಂದೊಂದು ಸಲ ಕೊಯ್ದದ್ದರಲ್ಲಿ ಒಂದೊಂದರಂತೆ ಮೂರು ತುಂಡುಗಳನ್ನು ತೆಗೆದು ಡಾಕ್ಟರ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟೆ.

"ಏನಿದು?" ಎಂದರು ಡಾಕ್ಟರಮ್ಮ.

"ಅಕ್ಕನ ಮೇಜಿನ ಕಾಲು, ಮೇಡಂ. ಮೇಜು ಬೆಳೀತು ಅಂತ ಮೂರು ಸಲ ಕೊಯ್ಸಿದ್ರು. ಮೇಜು ಬೆಳೆದಿರಲಿಲ್ಲ."

ಇಂಚಕ್ಕ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಐವತ್ತು ವರ್ಷ ಅಳತೆ ಹಿಡಿದ ಕಣ್ಣು ಅದು, ಟೇಪು ಬೇಕಾಗಲಿಲ್ಲ. ಬಲಗೈ ಚಾಚಿ ಮೂರನ್ನೂ ಒಟ್ಟಿಗೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎತ್ತಿ ನೋಡಿದರು.

"ಎರಡು ಇಂಚು," ಎಂದರು. ಆಮೇಲೆ ಮೆಲ್ಲಗೆ, "ಇಷ್ಟೂ ನಾನೇನಾ?"

ಅಕ್ಕನ ಜೊತೆ ಹುಟ್ಟಿದಂದಿನಿಂದ ಕಚ್ಚಾಡಿದ ಚಿಕ್ಕಕ್ಕ, ನೆಟ್ಟಗೆ ಕೂರುವುದನ್ನೆಲ್ಲ ಮರೆತು, ಅಕ್ಕನ ಭುಜಕ್ಕೆ ತಲೆ ಆನಿಸಿ ಅತ್ತರು. ನಾನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ನೋಡುತ್ತ ನಿಂತೆ.

ಬೆನ್ನಿನ ಎಕ್ಸ್‌ರೇ ತೆಗೆಸಿದರು. ಬೆನ್ನುಮೂಳೆಯ ಮಣಿಗಳಲ್ಲಿ ಎರಡು ಕುಸಿದು ಎತ್ತರ ಇಳಿಸಿದ್ದವು. ಒಂದು ಹಳೆಯದು, ಒಂದು ಇಸ್ತ್ರಿಪೆಟ್ಟಿಗೆಯ ದಿನದ್ದು. ಆಮೇಲೆ ಡಾಕ್ಟರಮ್ಮ ಚೀಟಿ ಎಲ್ಲಿ ಎಂದು ಕೇಳಿದಾಗ ಅಕ್ಕತಂಗಿಯರು ತಮ್ಮ ತಮ್ಮ ಚೀಲದಿಂದ ಅರ್ಧರ್ಧ ತೆಗೆದು ಕೊಟ್ಟರು. ಎರಡನ್ನೂ ಪಕ್ಕಪಕ್ಕ ಇಟ್ಟು ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಅವರಿಗೆ ಸಿಟ್ಟು ಬಂತೋ ನಗು ಬಂತೋ ನನಗೆ ತಿಳಿಯಲಿಲ್ಲ.

"ಕೋಟನ್ನ ಹೀಗೆ ಎರಡು ಮಾಡಿ, ಒಬ್ರಿಗೆ ತೋಳು, ಒಬ್ರಿಗೆ ಬೆನ್ನು ಕೊಡ್ತೀರಾ?" ಎಂದು ಕೇಳಿದರು.

ಇಂಚಕ್ಕ ಇಲ್ಲವೆಂದು ತಲೆಯಾಡಿಸಿದರು. ಡಾಕ್ಟರಮ್ಮ ಸಮಾಧಾನವಾಗಿ ಬಿಡಿಸಿ ಹೇಳಿದರು. ಮೂಳೆ ಕರಗುವುದನ್ನು ತಡೆಯುವುದು ಮಾತ್ರೆ. ಮೂಳೆಗೆ ಬೇಕಾದ ಸಾಮಗ್ರಿ ಕ್ಯಾಲ್ಸಿಯಂ, ವಿಟಮಿನ್ ಡಿ, ಊಟ. ಮೂಳೆ ಮುರಿಯುವ ಹಾಗೆ ಬೀಳದಂತೆ ಕಾಯುವುದು ನಡಿಗೆ, ವ್ಯಾಯಾಮ. ಇನ್ನೂ ಮುರಿಯದ, ಸ್ವಲ್ಪವೇ ಸವೆದ ಮೂಳೆಯವರಿಗೆ ಕೆಲವೊಮ್ಮೆ ಕೆಳಗಿನರ್ಧ ಸಾಕಾಗಬಹುದು. ಈಗಾಗಲೇ ಮುರಿದುಕೊಂಡವರಿಗೆ ಸಾಲದು. ದವಡೆಯ ಭಯ ಸುಳ್ಳಲ್ಲ, ಆದರೆ ಅದು ಸಾವಿರಾರು ಜನರಲ್ಲಿ ಒಬ್ಬರಿಗೆ. ಹಲ್ಲು ಮೊದಲೇ ತೋರಿಸಿ ಎಂದದ್ದು ಅದಕ್ಕೇ. ಮಾತ್ರೆ ಆಯುಷ್ಯಪೂರ್ತಿಯೂ ಅಲ್ಲ, ಕೆಲವು ವರ್ಷವಾದ ಮೇಲೆ ನೋಡಿ ನಿಲ್ಲಿಸಬಹುದು. ಮಾತ್ರೆ ಇಲ್ಲದೆ ಇನ್ನೊಂದು ಮೂಳೆ ಮುರಿಯುವ ಭಯ ಅದಕ್ಕಿಂತ ಎಷ್ಟೋ ದೊಡ್ಡದು. ಬಗ್ಗಿ ಭಾರ ಎತ್ತುವುದಂತೂ ಇವತ್ತಿಗೆ ಮುಗಿಯಿತು.

ಹೋದ ಎರಡು ಇಂಚು ವಾಪಸು ಬರುತ್ತದೆಯೇ ಎಂದು ಇಂಚಕ್ಕ ಕೇಳಿದರು. ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ನೋಡೋಣ ಎಂದರು ಡಾಕ್ಟರಮ್ಮ. ತೀರ್ಪು ಕೇಳಲು ನನ್ನತ್ತ ತಿರುಗಿದರು ಇಂಚಕ್ಕ. ಇಬ್ಬರೂ ಸೋತಿದ್ದೀರಿ, ನಾನೂ ಸೋತಿದ್ದೇನೆ ಎಂದೆ. ಮೊದಲ ಸಲ ನನ್ನ ಮಾತಿಗೆ ಅವರು ಎದುರಾಡಲಿಲ್ಲ.

ಹೊಸ ಚೀಟಿ ಬರೆದುಕೊಡುತ್ತೇನೆ ಎಂದು ಡಾಕ್ಟರಮ್ಮ ಹೇಳಿದರೂ ಕೇಳದೆ, ಇಂಚಕ್ಕ ಅಂಗಡಿಗೆ ಬಂದವರೇ ಎರಡು ತುಂಡುಗಳನ್ನೂ ಮೆಷಿನ್ನಿನ ಕೆಳಗಿಟ್ಟು ಗಟ್ಟಿಯಾಗಿ ಹೊಲಿದರು. ನೀಲಿ ದಾರ, ಎರಡು ಸಾಲು. ಔಷಧದ ಅಂಗಡಿಯವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಒಗೆಯಬಹುದೇ ಎಂದು ಕೇಳಿದನಂತೆ. ಹಲ್ಲಿನ ಡಾಕ್ಟರು ಹೂಂ ಎಂದ ಮೇಲೆ ಇಂಚಕ್ಕನಿಗೂ ಮಾತ್ರೆ ಶುರುವಾಯಿತು.

ಈಗ ಬುಧವಾರ ಬೆಳಗ್ಗೆ ಆರಕ್ಕೆ ಬೆಂಚಿನ ಮೇಲೆ ಇಬ್ಬರೂ ನೆಟ್ಟಗೆ ಕೂರುತ್ತಾರೆ. ಕತ್ತು ತಿರುಗಿಸಬಹುದು ಎಂದು ಚಿಕ್ಕಕ್ಕನಿಗೆ ಗೊತ್ತಾದ ಮೇಲೆ ಆ ಅರ್ಧ ಗಂಟೆಯಲ್ಲಿ ಜಗಳಕ್ಕೆ ಒಳ್ಳೆಯ ಅನುಕೂಲವಾಗಿದೆ. ನಾನು ಬೇಕೆಂದೇ ಕಾಫಿ ಲೋಟ ಹಿಡಿದು ಎದುರಿಗೆ ಹೋಗಿ, ಸದ್ದು ಮಾಡಿ ಹೀರುತ್ತೇನೆ. ಇಂಚಕ್ಕ ನನ್ನ ಹೊಟ್ಟೆಯನ್ನು ಕಣ್ಣಲ್ಲಿ ಅಳೆದು ಸಂಖ್ಯೆ ಹೇಳುತ್ತಾರೆ, ಅದೂ ಬೀದಿಗೆ ಕೇಳುವ ಹಾಗೆ. ಆರೂವರೆಗೆ ಇಬ್ಬರೂ ಕಾಫಿ ಕುಡಿದು ಬಿಸಿಲಿನಲ್ಲಿ ನಡೆಯಲು ಹೊರಡುತ್ತಾರೆ. ಛತ್ರಿಯನ್ನು ಚಿಕ್ಕಕ್ಕ ಗಿರಾಕಿಯೊಬ್ಬರಿಗೆ ಕೊಟ್ಟುಬಿಟ್ಟರು.

ಹನ್ನೆರಡು ತುಂಡುಗಳನ್ನೂ ಇಂಚಕ್ಕ ನನ್ನಿಂದ ಕಿತ್ತುಕೊಂಡರು. ಕತ್ತರಿಸುವಾಗ ಬಟ್ಟೆ ಸರಿಯದಂತೆ ಅದರ ಮೇಲೆ ಇಡುತ್ತಾರೆ. ತಮ್ಮದೇ ಮೈಯಿಂದ ಹೋದದ್ದು, ಕೆಲಸಕ್ಕಾದರೂ ಬರಲಿ ಎನ್ನುತ್ತಾರೆ. ಕಂದು ಕಾಗದದ ಹಳೆಯ ನಮೂನೆಯನ್ನು ಹರಿದು ಹಾಕಿ, ಚಿಕ್ಕಕ್ಕನಿಂದ ಅಳತೆ ತೆಗೆಸಿಕೊಂಡು ಹೊಸದು ಮಾಡಿದ್ದಾರೆ. ಬಟ್ಟೆ ಈಗ ನೆಲ ಗುಡಿಸುವುದಿಲ್ಲ.

ವರ್ಷಕ್ಕೊಮ್ಮೆ, ಸ್ಕ್ಯಾನು ಇರಲಿ ಬಿಡಲಿ, ನನಗೆ ಕರೆ ಬರುತ್ತದೆ. ಗರಗಸ ತಗೊಂಡು ಬಾ ಎನ್ನುತ್ತಾರೆ. ಹೋಗುತ್ತೇನೆ. ಇಂಚಕ್ಕ ಮೇಜಿನ ಪಕ್ಕ ನಿಂತು, ಮೊಣಕೈ ಮಡಚಿ, ಕಣ್ಣು ಮುಚ್ಚಿ, ಎಡಗೈ ಬೆರಳುಗಳನ್ನು ಒಂದೊಂದಾಗಿ ಒಳಗೆ ತೂರಿಸುತ್ತಾರೆ. ತೋರುಬೆರಳು, ನಡುಬೆರಳು, ಉಂಗುರಬೆರಳು. ಚಿಕ್ಕಕ್ಕ ಇಸ್ತ್ರಿ ಕೆಳಗಿಟ್ಟು ನೋಡುತ್ತಿರುತ್ತಾರೆ. ಕಿರುಬೆರಳಿನ ಹೊತ್ತಿಗೆ ನನ್ನ ಉಸಿರೂ ನಿಂತಿರುತ್ತದೆ.

"ಹಿಡೀತು," ಎನ್ನುತ್ತಾರೆ ಇಂಚಕ್ಕ. "ಗರಗಸ ತಗೊಂಡು ಹೋಗಪ್ಪ."

ಮಾಡಲು ಕೆಲಸವಿಲ್ಲದೆ ಗರಗಸ ಹೊತ್ತು ವಾಪಸು ಬರುತ್ತೇನೆ. ಮೂರು ವರ್ಷವಾಯಿತು, ಆ ಮೇಜು ಬೆಳೆದಿಲ್ಲ.